ಐದು ಲ್ಯಾಬಿಗೆ ಒಂದು ತೋಳು

ಮುನಿಗಂಗಪ್ಪನವರು ಸೊಸೆಯನ್ನು ಹೇಗೆ ವಿಚಾರಿಸಿ ಮನೆಗೆ ತಂದಿದ್ದರೋ, ಸೊಸೆ ಸೇರಬೇಕೆಂದ ಕೋರ್ಸನ್ನೂ ಹಾಗೆಯೇ ವಿಚಾರಿಸಿದರು. ಮೊದಲನೆಯದಕ್ಕೆ ಎರಡು ಸೇರು ರಾಗಿ ಖರ್ಚಾಗಿತ್ತು. ಎರಡನೆಯದಕ್ಕೆ ರಕ್ತ ಖರ್ಚಾಯಿತು.

ಒಂದು ಮನೆಯ ಬಗ್ಗೆ ತಿಳಿಯಬೇಕಾದರೆ ಆ ಮನೆಯವರನ್ನು ಕೇಳಬಾರದು ಎಂಬುದು ಅವರ ಸಿದ್ಧಾಂತ. ಮಗ ಸುರೇಶನಿಗೆ ಯಲಹಂಕದ ಹಳೇ ಪೇಟೆಯಿಂದ ಸಂಬಂಧ ಬಂದಾಗ, ಹುಡುಗಿಯ ಮನೆಯ ಮೆಟ್ಟಿಲು ಹತ್ತುವ ಮೊದಲು ಅದೇ ಬೀದಿಯ ಹಿಟ್ಟಿನ ಗಿರಣಿಗೆ ಹೋಗಿದ್ದರು. ಗಿರಣಿಗೆ ಬರಿಗೈಯಲ್ಲಿ ಹೋದರೆ ಮಾತು ಹುಟ್ಟುವುದಿಲ್ಲ. ಅದಕ್ಕೇ ಜಾಲಹಳ್ಳಿಯಿಂದ ಯಲಹಂಕದವರೆಗೆ ಬಸ್ಸಿನಲ್ಲಿ ರಾಗಿ ಹೊತ್ತುಕೊಂಡು ಹೋಗಿದ್ದರು.

"ಆ ಮನೆ ಹುಡುಗೀನಾ?" ಎಂದ ಗಿರಣಿಯವನು ರಾಗಿ ಸುರಿಯುತ್ತಾ. "ಬಿಸಿ ಹಿಟ್ಟಿಗೆ ಯಾವತ್ತೂ ಮುಚ್ಚಳ ಹಾಕಲ್ಲ ಸ್ವಾಮಿ. ಆರೋವರ್ಗೂ ಇಲ್ಲೇ ನಿಂತಿದ್ದು ತಗೊಂಡ್ ಹೋಗ್ತಾಳೆ."

ಬಿಸಿ ಹಿಟ್ಟಿಗೆ ಮುಚ್ಚಳ ಹಾಕಿದರೆ ಡಬ್ಬದೊಳಗೆ ಬೆವರಿ ಹಿಟ್ಟು ಮುಗ್ಗಾಗುತ್ತದೆ. ಇದು ಎಲ್ಲರಿಗೂ ಗೊತ್ತು, ಆದರೆ ನಿಲ್ಲುವವರು ಕಡಿಮೆ. ಮುನಿಗಂಗಪ್ಪನವರಿಗೆ ಅಷ್ಟು ಸಾಕಾಯಿತು. ಜಾತಕ ಆಮೇಲೆ ನೋಡಿಸಿದರು. ಹಾಗೆ ಶಿಲ್ಪ ಆ ಮನೆಯ ಸೊಸೆಯಾದಳು.

ಅವರ ಉದ್ಯೋಗವೂ ಈ ಸ್ವಭಾವಕ್ಕೆ ತಕ್ಕಂಥದ್ದೇ. ತಾತ ಹುರುಳಿ ಬಿತ್ತುತ್ತಿದ್ದ ಹೊಲದ ಮೇಲೆ ಸರ್ಕಾರದ ಕಾರ್ಖಾನೆ ಎದ್ದಿತು. ಮೊಮ್ಮಗ ಮುನಿಗಂಗಪ್ಪ ಅದೇ ಜಾಗದಲ್ಲಿ ಕೂತು ಮೂವತ್ತು ಚಿಲ್ಲರೆ ವರ್ಷ ಬೋಲ್ಟು, ಬುಷ್ಷು, ಪಿನ್ನುಗಳನ್ನು ಅಳೆದರು. ತಪಾಸಣೆ ವಿಭಾಗ. ಅವರ ಮೇಜಿನ ಮೇಲೆ ಮೂರು ಬಣ್ಣದ ಚೀಟಿಗಳಿರುತ್ತಿದ್ದವು. ಹಸಿರು ಎಂದರೆ ಪಾಸು, ಕೆಂಪು ಎಂದರೆ ಗುಜರಿ, ಹಳದಿ ಎಂದರೆ ರಿವರ್ಕ್, ಅಂದರೆ ಸರಿಮಾಡಿ ಮತ್ತೆ ತನ್ನಿ. ತಲೆಯ ಮೇಲೆ ಅವರೇ ಬರೆಸಿ ತೂಗುಹಾಕಿದ ಒಂದು ಬೋರ್ಡು: "ತಪಾಸಣೆ ನಡೆಯುವಾಗ ಮಾತಾಡಿಸಬೇಡಿ." ಮಾತಾಡಿಸಿದರೆ ಕಣ್ಣು ಅಳತೆ ಬಿಡುತ್ತದೆ, ಕಣ್ಣು ತಪ್ಪಿಸಿದ ಪೀಸು ಎಲ್ಲಿಗೆ ಹೋಗಿ ಏನು ಮಾಡುತ್ತದೆಂದು ಹೇಳಲಾಗದು. ನಿವೃತ್ತಿಯ ದಿನ ಶಾಲು, ಹಾರ, ಬೆಳ್ಳಿ ಲೋಟದ ಜೊತೆ ಆ ಬೋರ್ಡನ್ನೂ ಕೇಳಿ ಮನೆಗೆ ತಂದರು. ಹೆಂಡತಿ ಸುಬ್ಬಲಕ್ಷ್ಮಮ್ಮ ಅದನ್ನು ನೀರಿನ ಸಂಪಿನ ಬಾಯಿಗೆ ಮುಚ್ಚಿದರು. ಅಳತೆ ಸರಿಯಾಗಿತ್ತು.

ಒಂದು ಸಂಜೆ ಮುದ್ದೆ ಮುಗಿಯುವ ಹೊತ್ತಿಗೆ ಶಿಲ್ಪ ಗೋಡೆಗೆ ಒರಗಿ ನಿಂತಳು.

"ಮಾವ, ಒಂದ್ ಮಾತು ಕೇಳ್ಬೇಕಿತ್ತು."

"ಕೇಳವ್ವ."

"ಡಿ.ಎಂ.ಎಲ್.ಟಿ. ಮಾಡ್ಬೇಕು ಅಂತಿದೀನಿ."

"ಅದ್ಯಾವ ಚೀಟಿನೇ?" ಎಂದರು ಸುಬ್ಬಲಕ್ಷ್ಮಮ್ಮ.

"ಚೀಟಿ ಅಲ್ಲ ಅತ್ತೆ, ಡಿಪ್ಲೊಮಾ. ಲ್ಯಾಬ್‌ನಲ್ಲಿ ರಕ್ತ, ಕಫ, ಯೂರಿನ್ ಎಲ್ಲ ಟೆಸ್ಟ್ ಮಾಡ್ತಾರಲ್ಲ, ಆ ಕೆಲಸ ಕಲಿಸ್ತಾರೆ. ನಂದು ಪಿ.ಯು.ಸಿ. ಸೈನ್ಸ್ ಆಗಿರೋದಕ್ಕೆ ಎರಡೇ ವರ್ಷ."

ಸುಬ್ಬಲಕ್ಷ್ಮಮ್ಮ ತಮ್ಮ ತಟ್ಟೆ ನೋಡಿದರು. "ಉಣ್ಣೋ ಒತ್ನಲ್ಲಿ ಯೋಳೋ ಮಾತಾ ಇದು?"

ಸುರೇಶ ಪೀಣ್ಯದ ಒಂದು ಕಂಪನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಮನೆಗೆ ಬಂದ ಮೇಲೂ ಅವನಿಗೆ ಎಲ್ಲವೂ ಸರಕಿನಂತೆ ಕಾಣುತ್ತಿತ್ತು. "ಮಗಳು ಸೆಕೆಂಡ್ ಸ್ಟ್ಯಾಂಡರ್ಡು, ಇವಳು ಫಸ್ಟ್ ಇಯರ್ರು. ಇಬ್ರಿಗೂ ಒಂದೇ ಆಟೋ ಮಾಡ್ಬಿಡಣ ಬಿಡಪ್ಪ, ಡಿಸ್ಕೌಂಟ್ ಸಿಗುತ್ತೆ."

"ಮಾಡಿ. ನಿಮ್ಮ ಬೈಕ್ ಹಿಂದೆ ಕೂರೋದಕ್ಕಿಂತ ವಾಸಿ," ಎಂದಳು ಶಿಲ್ಪ. ಆಮೇಲೆ ಮಾವನ ಕಡೆ ತಿರುಗಿ, "ಹೋದ ವರ್ಷ ಪಾಪುಗೆ ಡೆಂಗಿ ಬಂದಾಗ ದಿನಾ ಪ್ಲೇಟ್‌ಲೆಟ್ ಎಣಿಸೋರು. ಯಾರು ಎಣಿಸ್ತಾರೆ, ಹೆಂಗ್ ಎಣಿಸ್ತಾರೆ ಅಂತ ನಾನು ಕೇಳ್ದೆ. ಒಬ್ರೂ ಹೇಳ್ಲಿಲ್ಲ. ಅವತ್ತಿಂದ ತಲೇಲಿದೆ."

ಫೀಸು ವರ್ಷಕ್ಕೆ ಎಪ್ಪತ್ತು ಸಾವಿರ. ತಿಂಗಳ ಕೊನೆಗೆ ಅಡ್ಮಿಷನ್ ಮುಚ್ಚುತ್ತದೆ. ದುಡ್ಡಿದ್ದದ್ದು ಮುನಿಗಂಗಪ್ಪನವರ ಹೆಸರಿನ ಫಿಕ್ಸೆಡ್ ಡಿಪಾಸಿಟ್ಟಿನಲ್ಲಿ. ಮಹಡಿಗೆ ಟೈಲ್ಸ್ ಹಾಕಿಸಿ ಬಾಡಿಗೆಗೆ ಬಿಡಲು ಇಟ್ಟದ್ದು. ಶಿಲ್ಪ ಡಿಪಾಸಿಟ್ಟಿನ ಹೆಸರೆತ್ತಲಿಲ್ಲ. ಎಲ್ಲರೂ ಅದನ್ನೇ ಯೋಚಿಸುತ್ತಿದ್ದರು.

"ವಿಚಾರಿಸ್ತೀನಿ," ಎಂದರು ಮುನಿಗಂಗಪ್ಪ. ಆ ಮನೆಯಲ್ಲಿ ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಯಾರೂ ಮುಂದೆ ಕೇಳುವಂತಿಲ್ಲ ಎಂದು ಮಾತ್ರ.

ಮೊದಲು ಕಾಲೇಜಿಗೆ ಹೋದರು, ಹೋಗದಿದ್ದರೆ ಕ್ರಮ ತಪ್ಪುತ್ತದೆ ಎಂದು. ಶಿವಪ್ರಕಾಶ ಎಂಬ ಕೌನ್ಸೆಲರು ಅವರಿಗೆ ಬಾದಾಮಿ ಹಾಲು ತರಿಸಿಕೊಟ್ಟು, ನೂರಕ್ಕೆ ನೂರು ಮಂದಿಗೆ ಕೆಲಸ ಸಿಗುತ್ತದೆ ಎಂದ. ಸಿಗದೆ ಹೋದವನು ಒಬ್ಬನೂ ಇಲ್ಲವೇ ಎಂದು ಕೇಳಿದರು. "ಒಬ್ಬನೂ ಇಲ್ಲ ಸಾರ್." ಮುನಿಗಂಗಪ್ಪ ಹಾಲು ಕುಡಿದು ಎದ್ದು ಬಂದರು. ಒಂದೂ ಕೆಟ್ಟ ಪೀಸಿಲ್ಲದ ಲಾಟನ್ನು ಅವರು ಸರ್ವಿಸ್ಸಿನಲ್ಲಿ ನೋಡಿರಲಿಲ್ಲ. ಅಂಥದ್ದು ಬಂದರೆ ಅಳೆಯುವ ಗೇಜನ್ನೇ ಮೊದಲು ಪರೀಕ್ಷಿಸುತ್ತಿದ್ದರು.

ಕೋರ್ಸು ಮಾಡಿದವರನ್ನು ಕೇಳಬೇಕು. ಅವರು ಲ್ಯಾಬಿನಲ್ಲಿರುತ್ತಾರೆ. ಜಾಲಹಳ್ಳಿ ಕ್ರಾಸಿನ ಒಂದು ಲ್ಯಾಬಿಗೆ ಹೋಗಿ ಕೌಂಟರಿನ ಹುಡುಗಿಯನ್ನು, "ಇಲ್ಲಿ ಟೆಕ್ನಿಷಿಯನ್ನಿಗೆ ಸಂಬಳ ಎಷ್ಟಮ್ಮ?" ಎಂದು ಕೇಳಿದರು. ಅವಳು, "ಯಾವ ಟೆಸ್ಟು?" ಎಂದಳು. ಮತ್ತೆ ಕೇಳಿದರು. ಅವಳೂ ಮತ್ತೆ ಅದನ್ನೇ ಕೇಳಿದಳು. ಗಿರಣಿಗೆ ರಾಗಿಯಿಲ್ಲದೆ ಬಂದಿದ್ದೇನೆಂದು ಅವರಿಗೆ ಅರ್ಥವಾಯಿತು.

ಗೋಡೆಯ ದರಪಟ್ಟಿ ನೋಡಿದರು. ಬೆರಳು ಚುಚ್ಚುವ ಸಕ್ಕರೆ ಪರೀಕ್ಷೆ ಅಗ್ಗ, ಆದರೆ ಚುಚ್ಚಿದ ಕೂಡಲೇ ಮುಗಿದುಹೋಗುತ್ತದೆ. ಮಾತಿಗೆ ಪುರುಸೊತ್ತು ಸಿಗದು. ತೋಳಿನಿಂದ ರಕ್ತ ತೆಗೆಯುವ ಪರೀಕ್ಷೆಗಳಲ್ಲಿ ಅಗ್ಗದ್ದು ಸಿ.ಬಿ.ಸಿ., ರಕ್ತದ ಕಣಗಳ ಲೆಕ್ಕ. "ಅದೇ," ಎಂದರು.

ಒಳಗೆ ಕೂತ ಮೇಲೆ ಇನ್ನೊಂದು ಅನುಕೂಲ ತಿಳಿಯಿತು. ಸೂಜಿಯ ಕಡೆಯಿಂದ ರೋಗಿಯ ಗಮನ ಸರಿಸಲು ಟೆಕ್ನಿಷಿಯನ್ನರು ತಾವೇ ಮಾತಿಗೆಳೆಯುತ್ತಾರೆ. "ಯಾವೂರು ತಾತ? ಕಾಫಿ ಆಯ್ತಾ? ಎಷ್ಟ್ ಜನ ಮಕ್ಕಳು?" ಇವರು ಒಂದಕ್ಕೆ ಉತ್ತರ ಹೇಳಿ ಎರಡು ಪ್ರಶ್ನೆ ಕೇಳುತ್ತಿದ್ದರು. ತೋಳಿನಲ್ಲಿ ಸೂಜಿ ಇಟ್ಟುಕೊಂಡವನ ಜೊತೆ ಯಾರೂ ಒರಟಾಗಿ ಮಾತಾಡುವುದಿಲ್ಲ, ಸುಳ್ಳು ಹೇಳುವಷ್ಟು ಗಮನವೂ ಸೂಜಿ ಹಿಡಿದವರಿಗೆ ಉಳಿದಿರುವುದಿಲ್ಲ.

ಒಂದು ಪೀಸು ನೋಡಿ ಲಾಟು ಪಾಸು ಮಾಡುವಂತಿಲ್ಲ. ಆದ್ದರಿಂದ ಮುನಿಗಂಗಪ್ಪ ಇನ್ನೂ ನಾಲ್ಕು ಕಡೆ ಹೋದರು: ನಾಗಸಂದ್ರ, ಯಶವಂತಪುರ, ಹೆಬ್ಬಾಳ, ಮತ್ತೆ ಮತ್ತಿಕೆರೆಯ ಒಂದು ಚಿಕ್ಕ ಲ್ಯಾಬು. ಎಲ್ಲ ಕಡೆಯೂ ಎಡಗೈ ಕೊಟ್ಟರು. ಬಲಗೈ ಬರೆಯುವ ಕೈ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಸಂಬಂಧ ವಿಚಾರಿಸುವಾಗ, ಮುಗಿಯುವವರೆಗೆ ಬಾಯಿ ಬಿಡುವ ಪದ್ಧತಿ ಅವರ ಕಡೆ ಇಲ್ಲ.

ಯಶವಂತಪುರದ ಬಾಲರಾಜು ಎಂಬ ಹುಡುಗ ಎಲ್ಲರಿಗಿಂತ ಹೆಚ್ಚು ಮಾತಾಡಿದ. ರಕ್ತ ತೆಗೆದಾದ ಮೇಲೂ ನೇರಳೆ ಮುಚ್ಚಳದ ಟ್ಯೂಬನ್ನು ಕೈಯಲ್ಲಿ ಹಿಡಿದೇ ನೈಟ್ ಶಿಫ್ಟಿನ ಬಗ್ಗೆ ಹೇಳಿದ, ಓವರ್ ಟೈಮ್ ಕೊಡದ ಮಾಲೀಕರ ಬಗ್ಗೆ ಹೇಳಿದ, ಭಾನುವಾರವೂ ಬೆಳಗಾಗುವ ಮೊದಲೇ ಮನೆ ಮನೆಗೆ ಹೋಗಿ ರಕ್ತ ತರಬೇಕಾದ ಬಗ್ಗೆ ಹೇಳಿದ. ಮುನಿಗಂಗಪ್ಪ ಬಿಡದೆ ಕೇಳುತ್ತಲೇ ಹೋದರು. ತುಂಬ ಉಪಯುಕ್ತವಾದ ಭೇಟಿ ಎನ್ನಿಸಿತು.

ಮನೆಗೆ ಬಂದು ಲೆಕ್ಕ ಹಾಕಿದರು. ಶಿಲ್ಪ ಈಗ ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರಿನಲ್ಲಿ ಹದಿಮೂರು ಸಾವಿರ ತರುತ್ತಾಳೆ. ಓದಲು ಹೋದರೆ ಎರಡು ವರ್ಷ ಅದಿಲ್ಲ. ಕೈಗೆ ಬಾರದ ಸಂಬಳವೂ ಖರ್ಚೇ. ಕಾಲೇಜಿನ ಕೌನ್ಸೆಲರು ಇದನ್ನು ಹೇಳಿರಲಿಲ್ಲ. ಫೀಸು, ಪರೀಕ್ಷೆ ಶುಲ್ಕ, ಬಿಳಿ ಕೋಟು, ಬಸ್ಸು ಎಲ್ಲ ಸೇರಿ ಒಟ್ಟು ನಾಲ್ಕು ಲಕ್ಷ ಎಪ್ಪತ್ತು ಸಾವಿರದ ಹತ್ತಿರ ಬಂತು. ಮುಗಿಸಿ ಸೇರಿದಾಗ ಸಂಬಳ ಹದಿನಾರು ಸಾವಿರ. ಐದು ಕಡೆಯಲ್ಲಿ ನಾಲ್ಕು ಕಡೆ ಕೇಳಿದ್ದು ಅದೇ ಆಸುಪಾಸು. ಅಂದರೆ ತಿಂಗಳಿಗೆ ಹೆಚ್ಚು ಬರುವುದು ಮೂರು ಸಾವಿರ. ಹಾಕಿದ್ದು ತಿರುಗಿ ಬರಲು ಹದಿಮೂರು ವರ್ಷ. ಶಿಲ್ಪಾಳಿಗೆ ಈಗ ಮೂವತ್ತೊಂದು.

ಮುನಿಗಂಗಪ್ಪ ಆ ಅಂಕಿಯನ್ನು ಬಹಳ ಹೊತ್ತು ನೋಡಿದರು. ಕೆಂಪು ಚೀಟಿ. ಅಳತೆ ಅಳತೆಯೇ, ಸೊಸೆ ಎಂದು ಡಯಲ್ ಗೇಜಿನ ಮುಳ್ಳು ಸರಿಯುವುದಿಲ್ಲ. ಆದರೂ ಚೀಟಿ ಅಂಟಿಸಲು ಮನಸ್ಸು ಬರಲಿಲ್ಲ. ಇನ್ನೊಂದು ಸ್ಯಾಂಪಲ್ ನೋಡೋಣ ಎಂದುಕೊಂಡರು. ಕೆಂಪು ಅಂಟಿಸುವ ಮೊದಲು ಇನ್ನೊಂದು ನೋಡುವುದು ನಿಯಮದಲ್ಲಿಯೂ ಇತ್ತು.

ಆರ್.ಟಿ. ನಗರದ ಮಸೀದಿ ರಸ್ತೆಯ ಹಿಂದಿನ ಓಣಿಯಲ್ಲಿ, ಬೇಕರಿ ಮತ್ತು ಹೊಲಿಗೆ ಅಂಗಡಿಯ ನಡುವೆ, ಆರನೆಯ ಲ್ಯಾಬು. ರಕ್ತ ತೆಗೆಯುವಾಕೆ ಮೂವತ್ತರ ಮೇಲಿನವಳು, ತಲೆಗೆ ಕಡುನೀಲಿ ಸ್ಕಾರ್ಫು, ಕೋಟಿನ ಮೇಲೆ ನಿಶಾತ್ ಎಂಬ ಹೆಸರಿನ ಪಟ್ಟಿ. ಮುನಿಗಂಗಪ್ಪ ಶರಟಿನ ತೋಳು ಮಡಿಸಿ ಎಡಗೈ ಕೊಟ್ಟರು. ಅವಳು ರಬ್ಬರ್ ಪಟ್ಟಿ ಕಟ್ಟಲು ಹೋಗಿ ನಿಲ್ಲಿಸಿದಳು. ಮೊಣಕೈಯ ಒಳಮಗ್ಗುಲು ನೇರಳೆಹಣ್ಣು ಜಜ್ಜಿದಂತಿತ್ತು.

"ಏನ್ ಅಂಕಲ್ ಇದು? ಎಲ್ಲಿ ಅಡ್ಮಿಟ್ ಆಗಿದ್ರಿ?"

"ಎಲ್ಲೂ ಇಲ್ಲಮ್ಮ."

"ಮತ್ತೆ ಯಾರು ಇಷ್ಟೊಂದ್ ಚುಚ್ಚಿದ್ದು?"

"ನಿಮ್ಮೋರೇ. ಬೇರೆ ಬೇರೆ ಲ್ಯಾಬು." ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ. "ನನ್ನ ಸೊಸೆ ಈ ಕೋರ್ಸು ಮಾಡ್ಬೇಕಂತಾಳೆ. ಮಾಡಿದೋರನ್ನ ವಿಚಾರಿಸ್ತಾ ಇದೀನಿ."

ನಿಶಾತ್ ಅವರ ಮುಖ ನೋಡಿದಳು, ತೋಳು ನೋಡಿದಳು. "ನಿಮಗೆ ಟೆಸ್ಟ್ ಬೇಕಾ, ಮಾತು ಬೇಕಾ?"

ಮುನಿಗಂಗಪ್ಪ ಸ್ವಲ್ಪ ಯೋಚಿಸಿದರು. "ಮಾತು."

"ಮಾತಿಗೆ ಇಲ್ಲಿ ಬಿಲ್ ಇಲ್ಲ. ತೋಳು ಇಳಿಸ್ಕೊಳ್ಳಿ. ಆ ಕುರ್ಚಿ ಮೇಲೆ ಕೂತಿರಿ, ಇಬ್ರು ಪೇಷೆಂಟ್ ಮುಗಿಸಿ ಬರ್ತೀನಿ."

ಇಬ್ಬರ ಬದಲು ನಾಲ್ವರಾದರು. ಆಮೇಲೆ ಬೇಕರಿಯಿಂದ ಎರಡು ಚಹಾ ತರಿಸಿ ಎದುರು ಕೂತಳು. ಇವರು ತಮ್ಮ ಲೆಕ್ಕ ಹೇಳಿದರು. ಅವಳು ತಪ್ಪು ಹಿಡಿಯಲಿಲ್ಲ.

"ಸರಿಯಾಗಿದೆ ಅಂಕಲ್. ನಂಗೆ ಮೊದಲ್ನೇ ಸಂಬಳ ಹದಿನಾಲ್ಕು. ಬಾತ್‌ರೂಮಲ್ಲಿ ಅತ್ತಿದೀನಿ. ನಮ್ಮಬ್ಬಾ ಆಟೋ ಓಡಿಸ್ತಾರೆ, ಅವರು ನನಗಿಂತ ಜಾಸ್ತಿ ತರೋರು. ಈಗ ಎಂಟು ವರ್ಷ ಆಯ್ತು, ಇಪ್ಪತ್ತೆಂಟು ಬರುತ್ತೆ. ದೊಡ್ಡ ಆಸ್ಪತ್ರೆಗೆ ಹೋದ್ರೆ ಇನ್ನೂ ಸ್ವಲ್ಪ ಸಿಗಬಹುದು, ಆದ್ರೆ ನೈಟ್ ಶಿಫ್ಟು. ಭಾನುವಾರ ನಮ್ದು ಅಂತ ಹೇಳಕ್ಕಾಗಲ್ಲ. ಇದೆಲ್ಲ ನಿಮ್ಮ ಸೊಸೆಗೆ ಮೊದ್ಲೇ ಹೇಳಿ."

"ಹಾಗಾದ್ರೆ ಮಾಡ್ಬೇಡ ಅಂತೀಯಾ?"

"ನಾನೆಲ್ಲಿ ಹಂಗಂದೆ? ಒಂದ್ ಕೇಳ್ತೀನಿ ಹೇಳಿ. ಆ ಸೂಪರ್ ಮಾರ್ಕೆಟ್ ಬಿಲ್ಲಿಂಗಲ್ಲಿ ನಲವತ್ತು ದಾಟಿದ ಹೆಂಗಸನ್ನ ನೋಡಿದೀರಾ?"

ಮುನಿಗಂಗಪ್ಪ ನೆನಪು ಮಾಡಿಕೊಂಡರು. ಜಾಲಹಳ್ಳಿ ಕ್ರಾಸು, ವಿದ್ಯಾರಣ್ಯಪುರ, ಯಲಹಂಕದ ಹೊಸ ಅಂಗಡಿ. ಒಬ್ಬರೂ ಇಲ್ಲ. ಎಲ್ಲಿಗೆ ಹೋಗುತ್ತಾರೆ ಎಂದೂ ಯಾರೂ ಕೇಳಿಲ್ಲ.

"ಈ ಲ್ಯಾಬಲ್ಲಿ ಹಿಂದ್ಗಡೆ ಮೇಡಂ ಒಬ್ರು ಕೂತಿದಾರೆ, ಐವತ್ತೇಳು ಅವರಿಗೆ. ಬಿಟ್ಟು ಹೋಗ್ತೀನಿ ಅಂದ್ರೆ ಡಾಕ್ಟ್ರು ಬಿಡಲ್ಲ," ಎಂದಳು ನಿಶಾತ್. ಚಹಾ ಮುಗಿಸಿ ಎದ್ದಳು. "ಇನ್ನೊಂದು. ಕಾಲೇಜಿಗೆ ಸರ್ಕಾರಿ ಬೋರ್ಡಿನ ಮಾನ್ಯತೆ ಇದೆಯಾ ನೋಡಿ, ಟ್ರೈನಿಂಗಿಗೆ ಆಸ್ಪತ್ರೆ ಇದೆಯಾ ನೋಡಿ. ಬಿಲ್ಡಿಂಗ್ ನೋಡ್ಬೇಡಿ. ಮತ್ತೆ... ಇದು ಲೆಕ್ಕಕ್ಕೆ ಬರುತ್ತೋ ಇಲ್ವೋ ಗೊತ್ತಿಲ್ಲ. ಮನೇಲಿ ಯಾರಿಗಾದ್ರೂ ಜ್ವರ ಬಂದ್ರೆ ಈಗ ಮೊದ್ಲು ನನ್ನ ಕೇಳ್ತಾರೆ. ಮುಂಚೆ ನಮ್ಮಣ್ಣನ್ನ ಕೇಳೋರು. ಅವನು ಮೊಬೈಲ್ ಕವರ್ ಮಾರ್ತಾನೆ."

ಬಸ್ಸಿನಲ್ಲಿ ಮುನಿಗಂಗಪ್ಪ ಮತ್ತೆ ಲೆಕ್ಕ ಹಾಕಿದರು. ತಪ್ಪು ಎಲ್ಲಿತ್ತೆಂದು ಗೊತ್ತಾಯಿತು. ಲೇತಿಗೆ ಕಟಿಂಗ್ ಟೂಲ್ ಕೊಳ್ಳುವಾಗ ಬೆಲೆ ನೋಡಿ ಕೊಳ್ಳುವುದಿಲ್ಲ, ಸವೆಯುವ ಮೊದಲು ಎಷ್ಟು ಪೀಸು ಕೊಡುತ್ತದೆ ಎಂದು ನೋಡಿ ಕೊಳ್ಳುತ್ತಾರೆ. ಅವರು ಹದಿಮೂರು ಸಾವಿರವನ್ನು ಕೊನೆಯವರೆಗೂ ಬರುವಂಥದ್ದು ಎಂದು ಹಿಡಿದಿದ್ದರು. ಅದು ಇನ್ನು ಒಂಬತ್ತು ವರ್ಷಕ್ಕೆ ಸವೆಯುತ್ತಿತ್ತು. ಹದಿನಾರು ಸಾವಿರ ಹದಿನಾರಾಗಿಯೇ ಉಳಿಯುವುದಿಲ್ಲ, ಸವೆಯುವುದೂ ಇಲ್ಲ. ಹೆಬ್ಬಾಳದ ಫ್ಲೈಓವರ್ ಇಳಿಯುವ ಹೊತ್ತಿಗೆ ಚೀಟಿ ಹಸಿರಾಗಿತ್ತು.

ಮನೆಗೆ ಬಂದು, ಸೆಕೆಯೆಂದು ಶರಟು ಬಿಚ್ಚಿ ಕೈಕಾಲು ತೊಳೆಯುತ್ತಿದ್ದಾಗ ಸುಬ್ಬಲಕ್ಷ್ಮಮ್ಮ ಟವೆಲು ತಂದರು.

"ಅಯ್ಯೋ ಶಿವನೇ! ಏನ್ರೀ ಇದು, ತೋಳು ಇಂಗಾಗೈತೆ?"

"ರಕ್ತ ಕೊಟ್ಟೆ."

"ಎಷ್ಟ್ ಸಲ?"

"ಐದು ಸಲ."

ಸುಬ್ಬಲಕ್ಷ್ಮಮ್ಮ ಟವೆಲು ಹಿಡಿದುಕೊಂಡೇ ಕಲ್ಲಿನ ಮೇಲೆ ಕೂತರು. "ಯಾವಾಗ್ಲಿಂದ ಇಂಗೆ? ನಂಗೆ ಯಾಕ್ ಯೋಳ್ಲಿಲ್ಲ?"

"ನಂಗೆ ಏನೂ ಇಲ್ಲ ಕಣೇ. ಶಿಲ್ಪನ ಕೋರ್ಸು ವಿಚಾರಿಸಕ್ಕೆ ಹೋಗಿದ್ದೆ."

"ಕೋರ್ಸು ವಿಚಾರಿಸಕ್ಕೆ ರಕ್ತ ಯಾಕ್ರೀ ಕೊಡ್ತಾರೆ?"

ಇದು ನ್ಯಾಯವಾದ ಪ್ರಶ್ನೆ. ಮುನಿಗಂಗಪ್ಪ ರಾಗಿಯಿಂದ ಶುರುಮಾಡಿ, ಗಿರಣಿ, ದರಪಟ್ಟಿ, ಬೆರಳು ಚುಚ್ಚುವುದಕ್ಕೂ ತೋಳು ಚುಚ್ಚುವುದಕ್ಕೂ ಇರುವ ವ್ಯತ್ಯಾಸ, ಎಲ್ಲವನ್ನೂ ಕ್ರಮವಾಗಿ ವಿವರಿಸಿದರು. ವಿವರಿಸಿದಷ್ಟೂ ಹೆಂಡತಿಯ ಕಣ್ಣಲ್ಲಿ ನೀರು ಹೆಚ್ಚಾಯಿತು. ಇಷ್ಟು ಉದ್ದದ ಮಾತು ಮದುವೆಯಾದಾಗಿನಿಂದ ಅವರು ಆಡಿರಲಿಲ್ಲ.

ರಾತ್ರಿ ಸುರೇಶ ವರದಿಗಳನ್ನು ಕೇಳಿದ. ಟಿ.ವಿ. ಸ್ಟ್ಯಾಂಡಿನ ಮೇಲೆ ಕರೆಂಟ್ ಬಿಲ್ಲುಗಳ ಜೊತೆಗಿದ್ದವು, ಮುನಿಗಂಗಪ್ಪನವರೇ ತೆಗೆದುಕೊಟ್ಟರು. ನಾಲ್ಕರಲ್ಲಿ ಹಿಮೋಗ್ಲೋಬಿನ್ ಹದಿಮೂರೂವರೆಯ ಅಕ್ಕಪಕ್ಕ. ಯಶವಂತಪುರದ್ದರಲ್ಲಿ ಒಂಬತ್ತು ಪಾಯಿಂಟ್ ಎಂಟು.

"ಅಪ್ಪ, ಇದರಲ್ಲಿ ರಕ್ತ ಕಮ್ಮಿ ಅಂತ ಇದೆಯಲ್ಲ?"

"ಅದು ಬಿಡು. ಆ ಲ್ಯಾಬು ಸರಿಯಿಲ್ಲ. ಐದರಲ್ಲಿ ನಾಲ್ಕು ಒಂದೇ ಥರ ಇದ್ದು ಒಂದು ಬೇರೆ ಬಂದ್ರೆ, ಕೆಟ್ಟಿರೋದು ಆ ಒಂದು."

"ನಾಲ್ಕು ಜನ ಕಂಡುಹಿಡೀದೆ ಇದ್ದಿದ್ದನ್ನ ಆ ಒಬ್ಬ ಕಂಡುಹಿಡಿದವ್ನೆ," ಎಂದರು ಸುಬ್ಬಲಕ್ಷ್ಮಮ್ಮ ಅಡುಗೆಮನೆಯಿಂದ.

ಮಾರನೆಯ ದಿನ ಕಾರ್ಖಾನೆಯ ಹಳೆಯ ಗೆಳೆಯ ಚನ್ನಪ್ಪ ಸುದ್ದಿ ಕೇಳಿ ಒಂದು ಕೆ.ಜಿ. ಸೇಬು ತೆಗೆದುಕೊಂಡು ಬಂದ. ಮೂವತ್ತು ವರ್ಷ ಪಕ್ಕದ ಮೇಜಿನಲ್ಲಿ ಕೂತಿದ್ದವನು ಒಂದು ಬಾಳೆಹಣ್ಣನ್ನೂ ತಂದವನಲ್ಲ. ಮುನಿಗಂಗಪ್ಪನವರ ಬಲಗೈ ಹಿಡಿದುಕೊಂಡು, "ಧೈರ್ಯವಾಗಿರು ಗಂಗಪ್ಪ," ಎಂದ.

"ನಂಗೇನಾಗಿದೆಯೋ?"

"ಏನಿಲ್ಲ, ಏನಿಲ್ಲ. ಏನೂ ಇಲ್ಲ ಅನ್ಕೋ." ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಸುಬ್ಬಲಕ್ಷ್ಮಮ್ಮನವರಿಗೆ ತಗ್ಗಿದ ದನಿಯಲ್ಲಿ ಹೇಳಿದ್ದು ಒಳಗೂ ಕೇಳಿಸಿತು: "ಐದು ಕಡೆ ತೋರಿಸ್ಕೊಂಡು ಏನೂ ಇಲ್ಲ ಅಂತಾನೆ ಅಂದ್ರೆ, ದೊಡ್ಡದೇ ಇರ್ಬೇಕು ಅಕ್ಕಯ್ಯ."

ಸುರೇಶ ತೀರ್ಮಾನ ಮಾಡಿಬಿಟ್ಟ. "ಈ ವರ್ಷ ಬೇಡ ಶಿಲ್ಪ. ಅಪ್ಪನ ಡಿಪಾಸಿಟ್ ಆಸ್ಪತ್ರೆಗೆ ಬೇಕಾಗುತ್ತೆ. ಮನೇಲೂ ಒಬ್ರು ಇರ್ಬೇಕು. ಮುಂದಿನ ವರ್ಷ ನೋಡಣ."

"ಸರಿ," ಎಂದಳು ಶಿಲ್ಪ. ಸಂಜೆ ಗಿರಣಿಗೆ ಹೋಗಿ ರಾಗಿ ಹಿಟ್ಟು ತಂದಳು. ಡಬ್ಬವನ್ನು ಕಟ್ಟೆಯ ಮೇಲಿಟ್ಟಳು. ಮುಚ್ಚಳ ಹಾಕಿಕೊಂಡೇ ತಂದಿದ್ದಳು.

ಮುನಿಗಂಗಪ್ಪ ಅದನ್ನು ನೋಡಿದರು. ಎದ್ದು ಹೋಗಿ ಡಬ್ಬ ಮುಟ್ಟಿದರು, ಬಿಸಿಯಿತ್ತು. ಮುಚ್ಚಳ ತೆಗೆದರು. ಒಳಮೈಯಲ್ಲಿ ಆಗಲೇ ಹನಿ ಕಟ್ಟಿತ್ತು. ಪಂಚೆಯ ಅಂಚಿನಿಂದ ಒರೆಸಿ ಪಕ್ಕಕ್ಕಿಟ್ಟರು. ಕೋರ್ಸನ್ನು ಅಳೆಯಲು ಹೋದವರು ಕೋರ್ಸನ್ನೇ ಮುರಿದಿದ್ದರು. ಅವರ ಸರ್ವಿಸ್ಸಿನಲ್ಲಿ ಇದು ಮೊದಲು.

"ಶಿಲ್ಪ."

"ಹೇಳಿ ಮಾವ."

"ನಿನ್ನ ಕೋರ್ಸು ಪಾಸು. ವಿಚಾರಿಸಿ ಆಯ್ತು."

ಅವಳು ಅವರ ತೋಳು ನೋಡಿದಳು. "ನಿಜವಾಗ್ಲೂ ಅದಕ್ಕೇನಾ ಐದು ಕಡೆ ಹೋಗಿದ್ದು?"

"ಆರು ಕಡೆ. ಆರನೇ ಕಡೆ ಆ ಹುಡುಗಿ ಚುಚ್ಚಲ್ಲ ಅಂದ್ಲು."

ಶಿಲ್ಪ ತೆರೆದ ಡಬ್ಬದ ಮೇಲೆ ಒಂದು ತೆಳು ಬಟ್ಟೆ ಹೊದಿಸಿ ಒಲೆಯ ಕಡೆ ತಿರುಗಿದಳು.

ಊಟಕ್ಕೆ ಕೂತಾಗ ಮುನಿಗಂಗಪ್ಪ ಎಲ್ಲರೆದುರು ಹೇಳಿದರು: "ನಂಗೆ ಕಾಯಿಲೆ ಇಲ್ಲ. ನಾಳೆ ಡಿಪಾಸಿಟ್ ಮುರಿಸ್ತೀನಿ. ಶಿಲ್ಪ ಸೇರ್ಕೋತಾಳೆ."

"ಅಪ್ಪ, ಸುಮ್ನಿರಿ. ನಿಮ್ಮ ಔಷಧಿ..."

"ಯಾವ ಔಷಧಿಯೋ? ಕಾಯಿಲೆನೇ ಇಲ್ಲ ಅಂತಿದೀನಿ!"

ಆಗ ಸುಬ್ಬಲಕ್ಷ್ಮಮ್ಮ ಸೌಟು ಕೆಳಗಿಟ್ಟರು. ಅವರು ಎರಡು ದಿನದಿಂದ ಏನನ್ನೋ ಯೋಚಿಸುತ್ತಿದ್ದರೆಂದು ಕಾಣುತ್ತದೆ.

"ಲೇ ಶಿಲ್ಪ, ಈ ಓದು ಓದುದ್ರೆ ನೀನೇ ರಕ್ತ ತೆಗೀತೀಯಾ?"

"ತೆಗೀತೀನಿ ಅತ್ತೆ, ಆದ್ರೆ ಮನೇಲೆಲ್ಲ..."

"ಕಮ್ಮಿಯೋ ಜಾಸ್ತಿಯೋ ನೋಡಕ್ ಬರ್ತದಾ?"

"ಬರುತ್ತೆ."

"ಓಗಿ ಸೇರ್ಕೊ. ಈ ಮನ್ಸ ಕಂಡ್ ಕಂಡ್ ಕಡೆ ತೋಳು ಚಾಚ್ಕೊಂಡು ಕೂರೋದು ಬ್ಯಾಡ. ಇನ್ಮುಂದೆ ವಾರಕ್ಕೊಂದ್ ಸಲ ಚುಚ್ಚಿಸ್ಕೋಬೇಕು ಅಂದ್ರೆ ಮನೆಯೋಳೇ ಚುಚ್ಚಲಿ." ಮಗನ ಕಡೆ ತಿರುಗಿದರು. "ನೀನೇನ್ ಕೊಡ್ತಾ ಇದೀಯಾ ಫೀಸ? ನಿಮ್ಮಪ್ಪನ ದುಡ್ಡು. ಮಹಡಿಗೆ ಟೈಲ್ಸ್ ಹಾಕ್ಸಿ ಯಾರ್ ಉದ್ಧಾರ ಆಗ್ಬೇಕಾಗೈತೆ?"

ಸುರೇಶ ಬಾಯಿ ತೆರೆದು, ಅದರೊಳಕ್ಕೆ ಮುದ್ದೆಯ ತುತ್ತು ಹಾಕಿಕೊಂಡ.

ಮುನಿಗಂಗಪ್ಪನವರಿಗೆ ಸಂಕಟವಾಯಿತು. ಸರಿಯಾದ ಪೀಸೇ ಪಾಸಾಗುತ್ತಿತ್ತು, ಆದರೆ ತಪ್ಪು ಕಾರಣಕ್ಕೆ. ಇಂಥದ್ದಕ್ಕೆ ಅವರ ಬಳಿ ಯಾವ ಬಣ್ಣದ ಚೀಟಿಯೂ ಇರಲಿಲ್ಲ. "ನೋಡು, ನಂಗೆ ನಿಜವಾಗ್ಲೂ ಏನೂ..." ಎಂದರು.

"ಉಣ್ಣಿ," ಎಂದರು ಸುಬ್ಬಲಕ್ಷ್ಮಮ್ಮ.

ಅವರು ಉಂಡರು. ಊಟಕ್ಕೆ ಕೂತ ಮೇಲೇ ಮೂರು ಸಲ ಸತ್ಯ ಹೇಳಿಯಾಗಿತ್ತು. ಅಡ್ಮಿಷನ್ ಮುಚ್ಚುವ ಹಿಂದಿನ ದಿನ ಶಿಲ್ಪ ಸೇರಿದಳು, ಬಾದಾಮಿ ಹಾಲಿನ ಕಾಲೇಜಿಗಲ್ಲ, ಮಾನ್ಯತೆಯೂ ಆಸ್ಪತ್ರೆಯೂ ಇದ್ದ, ಸುಣ್ಣ ಕಾಣದ ಇನ್ನೊಂದಕ್ಕೆ.

ಖರ್ಚಿನಲ್ಲಿ ಒಂದು ಬಾಬತ್ತು ಮುನಿಗಂಗಪ್ಪನವರ ಲೆಕ್ಕದಿಂದ ತಪ್ಪಿಹೋಗಿತ್ತು. ರಕ್ತ ಕಮ್ಮಿ ಎಂದು ಸುಬ್ಬಲಕ್ಷ್ಮಮ್ಮ ದಿನವೂ ಒಂದು ಲೋಟ ಬೀಟ್‌ರೂಟ್ ರಸ ಕೊಡಲು ಶುರುಮಾಡಿದರು. ರಕ್ತ ಕೆಡಿಸುತ್ತದೆ ಎಂದು ಸಂಜೆಯ ಕಾಫಿ ನಿಂತಿತು; ಇದನ್ನು ಹೇಳಿದ್ದು ಚನ್ನಪ್ಪ. ಸೊಸೆ ಡಿಪ್ಲೊಮಾ ಮುಗಿಸಿ ತಾನೇ ಪರೀಕ್ಷೆ ಮಾಡಿ ಸರಿಹೋಗಿದೆ ಎನ್ನುವವರೆಗೂ ಇದು ನಡೆಯುವುದೆಂದು ಗೊತ್ತಾಯಿತು. ಎರಡು ವರ್ಷ. ಶಿಲ್ಪ ಅತ್ತೆಗೆ ವಿವರಿಸಿ ಹೇಳಲು ಹೋದಳು. "ನೀನೂ ಅವರ ಕಡೆನೇ," ಎಂದರು ಅತ್ತೆ.

ಮೊದಲ ವರ್ಷದ ನಡುವೆ ಒಂದು ಭಾನುವಾರ, ಶಿಲ್ಪ ರಬ್ಬರ್ ಪಟ್ಟಿಯೊಂದನ್ನು ಮನೆಗೆ ತಂದಳು. ಸೂಜಿ ತಂದಿರಲಿಲ್ಲ, ಮನೆಯಲ್ಲಿ ಚುಚ್ಚುವಂತಿಲ್ಲ ಎಂದು ಕಾಲೇಜಿನ ನಿಯಮ. ನಿಯಮ ಕೇಳಿ ಮುನಿಗಂಗಪ್ಪನವರಿಗೆ ಕಾಲೇಜಿನ ಬಗ್ಗೆ ಗೌರವ ಹೆಚ್ಚಾಯಿತು. ನರ ಹುಡುಕುವ ಅಭ್ಯಾಸ ಮಾತ್ರ ಮಾಡಬಹುದಿತ್ತು. ಅವರು ಎಡಗೈ ಚಾಚಿ ಕುಳಿತರು.

"ಮಾವ, ಯಶವಂತಪುರದ ಲ್ಯಾಬಲ್ಲಿ ಒಂಬತ್ತು ಪಾಯಿಂಟ್ ಎಂಟು ಬಂತಲ್ಲ," ಎಂದಳು ಪಟ್ಟಿ ಬಿಗಿಯುತ್ತಾ. "ಅಲ್ಲಿ ರಕ್ತ ತೆಗೆದ ಮೇಲೆ ಆ ನೇರಳೆ ಮುಚ್ಚಳದ ಟ್ಯೂಬನ್ನ ಏನ್ ಮಾಡ್ದ ಅವನು?"

"ಕೈಯಲ್ಲಿ ಹಿಡ್ಕೊಂಡಿದ್ದ."

"ಎಷ್ಟೊತ್ತು?"

"ಮಾತು ಮುಗಿಯೋವರ್ಗೂ."

"ತೆಗೆದ ತಕ್ಷಣ ಅದನ್ನ ಮೆಲ್ಲಗೆ ತಲೆಕೆಳಗು ಮಾಡಿ ಮಾಡಿ ಕಲಸ್ಬೇಕು ಮಾವ. ಒಳಗಿರೋ ಔಷಧಿ ರಕ್ತಕ್ಕೆ ಸೇರ್ಬೇಕಲ್ಲ. ಕಲಸ್ದೆ ಇದ್ರೆ ಅಲ್ಲಲ್ಲಿ ಗರಣೆ ಕಟ್ಟುತ್ತೆ, ಲೆಕ್ಕ ತಪ್ಪು ಬರುತ್ತೆ. ಮೊನ್ನೆ ತಾನೇ ಹೇಳ್ಕೊಟ್ರು." ಅವಳು ತಲೆ ಎತ್ತಲಿಲ್ಲ. "ಅವನನ್ನ ಮಾತಾಡಿಸ್ತಿದ್ದಿದ್ದು ಯಾರು?"

ಮುನಿಗಂಗಪ್ಪ ಸಂಪಿನ ಕಡೆ ನೋಡಿದರು. ಬೋರ್ಡಿನ ಬರಹದ ಮುಖ ಕೆಳಗಾಗಿತ್ತು. ನೀರಿಗೆ ಮಾತ್ರ ಕಾಣುತ್ತಿತ್ತು. ಆ ಲ್ಯಾಬು ಗುಜರಿ ಎಂದು ಅವರು ಕಂಡವರಿಗೆಲ್ಲ ಹೇಳಿದ್ದರು. ಚನ್ನಪ್ಪನಿಗೆ ಎರಡು ಸಲ.

"ನಾನೇ," ಎಂದರು.

ನಾಳೆಯೇ ಯಶವಂತಪುರಕ್ಕೆ ಹೋಗಿ ಆ ಬಾಲರಾಜುವಿಗೆ ಹೇಳಿ ಬರಬೇಕು. ಬರಿಗೈಯಲ್ಲಿ ಹೋಗಬಾರದು. ಆದರೆ ಈ ಸಲ ತೋಳು ಕೊಡುವುದು ಬೇಡ, ಒಂದು ಕಾಲು ಕೆ.ಜಿ. ಮೈಸೂರ್ ಪಾಕ್ ಸಾಕು. ಹೀಗೆ ನಿರ್ಧರಿಸಿ, ಆ ಔಷಧಿಯ ಹೆಸರೇನು, ಎಷ್ಟು ಸಲ ತಲೆಕೆಳಗು ಮಾಡಬೇಕು, ಅಷ್ಟೇ ಸಲ ಎಂದು ಗೊತ್ತುಮಾಡಿದವರು ಯಾರು ಎಂದು ಕೇಳಲು ಬಾಯಿ ತೆರೆದರು.

ಶಿಲ್ಪ ಕಣ್ಣು ಮುಚ್ಚಿಕೊಂಡು, ಮೊಣಕೈಯ ಮಡಿಕೆಯಲ್ಲಿ ತೋರುಬೆರಳು ಊರಿ, ಚರ್ಮದ ಕೆಳಗೆ ಪುಟಿಯುವುದನ್ನು ಹುಡುಕುತ್ತಿದ್ದಳು.

"ಮಾತಾಡಿಸ್ಬೇಡಿ ಮಾವ," ಎಂದಳು.

ಮುನಿಗಂಗಪ್ಪ ಬಾಯಿ ಮುಚ್ಚಿದರು. ಸುಬ್ಬಲಕ್ಷ್ಮಮ್ಮ ಬಂದು ಅವರ ಬಲಗೈಗೆ ಬೀಟ್‌ರೂಟ್ ಲೋಟ ಕೊಟ್ಟು ಹೋದರು.